ಕಹಾಲರ ಒಂದು ಉಪಮೆ

ಸ್ಪೇನ್ ದೇಶದ ನರವಿಜ್ಞಾನಿ ಸಾಂಟಿಯಾಗೊ ರಾಮೋನ್ ಇ ಕಹಾಲರು 1890ರಲ್ಲಿ ಕೋಳಿಯ ಭ್ರೂಣದಲ್ಲಿ ಬೆಳೆಯುವ ನರತಂತುವಿನ ತುದಿಯನ್ನು ವರ್ಣಿಸಿದರು. ಆತ್ಮಕಥೆಯಲ್ಲಿ ಅದನ್ನು ಕೋಟೆಯನ್ನೊಡೆಯುವ ದಿಮ್ಮಿಗೆ ಹೋಲಿಸಿ, ಆ ದಿಮ್ಮಿಯು ಮೃದುವೂ ಜೀವಂತವೂ ಆದುದೆನ್ನುತ್ತಾರೆ. ಒಡೆಯುವ ವಸ್ತುವಿಗೆ ಮಾರ್ದವವು ಸಲ್ಲದೆಂದು ಆಕ್ಷೇಪಿಸಬಹುದು; ಆದರೆ ಈ ವಿರೋಧವು ಆಭಾಸಮಾತ್ರ. ಕಹಾಲರ ಮುಂದಿದ್ದುದು ಬಣ್ಣವೇರಿಸಿದ ನಿರ್ಜೀವ ಅಂಗಾಂಶ. ಅಲ್ಲಿ ಅವರು ಊಹಿಸಿದ ಚಲನೆಯನ್ನು 1907ರಲ್ಲಿ ರಾಸ್ ಹ್ಯಾರಿಸನ್ನರು ಕಪ್ಪೆಯ ಭ್ರೂಣದ ಜೀವಂತ ಅಂಗಾಂಶದಲ್ಲಿ ಪ್ರತ್ಯಕ್ಷ ಕಂಡರು. ತುದಿಯ ಪೊರೆಯಲ್ಲಿರುವ ಅಯಾನು ನಾಳಗಳ ಮೂಲಕ ಒಳಸೇರುವ ಕ್ಯಾಲ್ಸಿಯಂ ಅದರ ಮುನ್ನಡೆಯನ್ನೂ ತಿರುವನ್ನೂ ನಿಲುಗಡೆಯನ್ನೂ ನಿಯಂತ್ರಿಸುವುದರಲ್ಲಿ ಪಾತ್ರವಹಿಸುವುದೆಂದು ಅನಂತರದ ಸಂಶೋಧನೆಯಿಂದ ತಿಳಿದುಬಂದಿತು. ಮುನ್ನುಗ್ಗುವ ವಸ್ತುವೇ ದಾರಿಯನ್ನರಿಯುವುದೂ ಆಗಿರುವುದರಿಂದ ಇಲ್ಲಿ ವಿಶೇಷಣವು ಅವಶ್ಯವಾದುದು. ಅದನ್ನು ಬಿಟ್ಟು ಉಪಮಾನವನ್ನಷ್ಟೇ ಉದ್ಧರಿಸುವವರು ಕಹಾಲರಿಗೆ ಅನ್ಯಾಯ ಮಾಡುತ್ತಾರೆ.