ಬಾಳೆ ಬುಡದ ಸರಳು

ಒಂದು ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟು ಹೋದಾಗ, ಬ್ಯಾಟರಿಯ ಮೇಲೆ ನಡೆಯುತ್ತಿದ್ದ ರೇಡಿಯೋ ರಿಸೀವರ್ ಒಮ್ಮೆಲೇ ಸುಮ್ಮನಾಯಿತು. ಕೆಟ್ಟಿತೇನೋ ಅಂದುಕೊಂಡೆ. ನೋಡಿದರೆ 7 ಮೆಗಾಹರ್ಟ್ಸ್‌ನಲ್ಲಿ ಎಸ್7ಕ್ಕೆ ಅಂಟಿಕೊಂಡಿದ್ದ ಎಸ್-ಮೀಟರಿನ ಮುಳ್ಳು ಎಸ್3ಕ್ಕೆ ಇಳಿದಿತ್ತು. ಗದ್ದಲದಡಿ ಹೂತುಹೋಗಿದ್ದ ಮೋರ್ಸ್ ಒಂದೊಂದಾಗಿ ಮೇಲೆದ್ದಿತು. ಒಂದು ಎಸ್‌ಗೆ 6 ಡೆಸಿಬೆಲ್‌ನಂತೆ ಒಟ್ಟು 24 ಡೆಸಿಬೆಲ್. ಅಷ್ಟೂ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಪ್ರಸಾದ.

ಉದ್ದ ತಂತಿಯ ಆಂಟೆನಾ ಗದ್ದಲ ಎಳೆಯುತ್ತದೆ ಎಂದು ಗೊಣಗುವ ಹವ್ಯಾಸಿಗೆ ಹಳಬರು ಹೇಳುವ ಮದ್ದು 9:1 ಟ್ರಾನ್ಸ್‌ಫಾರ್ಮರ್. ಅದಕ್ಕೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. 450 ಓಮ್ ಆಸುಪಾಸಿನ ಇಂಪೆಡೆನ್ಸನ್ನು 50ಕ್ಕೆ ಇಳಿಸುವುದಷ್ಟೇ ಅದರ ಕೆಲಸ. ಸಿಗ್ನಲ್ ಯಾವುದು, ಗದ್ದಲ ಯಾವುದು ಎಂದು ಅದಕ್ಕೇನು ಗೊತ್ತು? ತುದಿಯಿಂದ ಎಳೆದ ತಂತಿಗೆ ಇನ್ನೊಂದು ಅರ್ಧ ಬೇಕೇ ಬೇಕು. ನೆಲ ಕೊಡದಿದ್ದರೆ ಕೋಯಾಕ್ಸ್ ಕೇಬಲ್ಲಿನ ಹೊರಜಾಲರಿಯೇ ಆ ಅರ್ಧವಾಗುತ್ತದೆ. ಜಾಲರಿಯ ಇನ್ನೊಂದು ತುದಿ ಮನೆಯ ಅರ್ತಿಂಗ್‌ಗೆ ಸೇರಿದ್ದರೆ, ಮನೆಯ ಕೊಳೆಯೆಲ್ಲ ಅದೇ ದಾರಿಯಲ್ಲಿ ಆಂಟೆನಾದ ಬುಡಕ್ಕೆ ನಡೆದು ಬರುತ್ತದೆ.

ಮೊದಲು ನಾನು ಫೆರೈಟ್ ಬಳೆಯ ಮೇಲೆ ಸುತ್ತಿದ್ದು ಎಲ್ಲ ಸುರುಳಿಗಳೂ ಒಂದಕ್ಕೊಂದು ಬೆಸೆದ ಮಾದರಿ. ಗದ್ದಲ ಒಂದು ಎಸ್ ಇಳಿಯಿತು, ಸಿಗ್ನಲ್ ಕೂಡ ಇಳಿಯಿತು. ಆಮೇಲೆ ಅದೇ ಫೆರೈಟ್ ಬಳೆಯ ಮೇಲೆ 9 ಸುತ್ತು ಒಂದು ಕಡೆ, 3 ಸುತ್ತು ಇನ್ನೊಂದು ಕಡೆ, ನಡುವೆ ಯಾವ ಬೆಸುಗೆಯೂ ಇಲ್ಲದಂತೆ ಸುತ್ತಿದೆ. 9 ಸುತ್ತಿನ ಒಂದು ತುದಿ ತಂತಿಗೆ, ಇನ್ನೊಂದು ಹಿತ್ತಲಿನ ತಾಮ್ರದ ಸರಳಿಗೆ. 3 ಸುತ್ತು ಕೇಬಲ್ಲಿಗೆ. ಒಣ ಕೆಂಪುಮಣ್ಣಿನಲ್ಲಿ ಸರಳು ನೆಟ್ಟರೆ ಹೆಚ್ಚು ಪ್ರಯೋಜನವಿಲ್ಲವೆಂದು ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ ಹೊಡೆದೆ. ರಿಸೀವರ್ ಹತ್ತಿರ ಕೇಬಲ್ಲನ್ನು ಇನ್ನೊಂದು ಫೆರೈಟ್ ಬಳೆಗೆ ಹತ್ತಾರು ಸುತ್ತು ಸುತ್ತಿದೆ. ಗದ್ದಲ ಮೂರು ಎಸ್ ಇಳಿಯಿತು. ಸಿಗ್ನಲ್ ಬಹುಪಾಲು ಅಲ್ಲೇ ಉಳಿಯಿತು.

ಮುಳ್ಳು ಇಳಿದದ್ದಕ್ಕೇ ಬೀಗಬಾರದು, ಸಿಗ್ನಲ್ ಮತ್ತು ಗದ್ದಲದ ನಡುವಿನ ಅಂತರ ಹಿಗ್ಗಬೇಕು. 1921ರಲ್ಲಿ ಹೆರಾಲ್ಡ್ ಬೆವರೇಜ್ ಪೇಟೆಂಟ್ ಪಡೆದ, ನೆಲಕ್ಕೆ ಹತ್ತಿರ ಎಳೆಯುವ ಉದ್ದ ಆಂಟೆನಾ ಹಿಡಿಯುವ ಸಿಗ್ನಲ್ ಸಣ್ಣದೇ. ಆದರೆ ಬೇಡದ ದಿಕ್ಕಿನ ಗದ್ದಲವನ್ನು ಅದು ಅದಕ್ಕಿಂತ ಕಡಿಮೆ ಹಿಡಿಯುತ್ತದೆ. 30-40ರ ಸೈಟಿನಲ್ಲಿ ಅದು ಕನಸೇ ಬಿಡಿ.

ಮುಂಗಾರಿನ ಮುಂಚಿನ ಸಿಡಿಲೂ ಪಕ್ಕದ ಮನೆಯ ಸೋಲಾರ್ ಇನ್ವರ್ಟರೂ ಬಾಳೆ ಬುಡದ ಸರಳಿಗೆ ಜಗ್ಗವು. ತಂತಿ ಆ ಇನ್ವರ್ಟರ್‌ನ ಪಕ್ಕದಲ್ಲೇ ಹಾದುಹೋಗಿದೆ. ಅದು ಸುಮ್ಮನಾಗಲೆಂದು ಹೊತ್ತು ಮುಳುಗುವವರೆಗೆ ಕಾಯುತ್ತೇನೆ. 40 ಮೀಟರ್‌ನಲ್ಲಿ, ಅಂದರೆ ಅದೇ 7 ಮೆಗಾಹರ್ಟ್ಸ್‌ನಲ್ಲಿ, ದೂರದವರು ಬರುವುದೂ ಆಗಲೇ.