ಹಳಿಯಾಳದಲ್ಲಿ ಸಿಗುವ ಟ್ಯೂಬು

ಸೈಕಲ್ಲಿನ ಸುಖ ಸೀಟಿನ ಎತ್ತರದಿಂದ ಶುರುವಾಗುತ್ತದೆ, ಸೀಟಿನ ಮೆತ್ತೆಯಿಂದಲ್ಲ. ಗೋಡೆಗೆ ಕೈ ಆನಿಸಿ ಸೈಕಲ್ ಏರಿ, ಒಂದು ಪೆಡಲನ್ನು ಪೂರ್ತಿ ಕೆಳಗಿಳಿಸಿ ಅದರ ಮೇಲೆ ಹಿಮ್ಮಡಿ ಊರಿದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿಗೆ ತಂದರೆ ಮೊಣಕಾಲು ತುಸುವೇ ಬಾಗುತ್ತದೆ. ಸೀಟು ಅಲ್ಲಿ ನಿಲ್ಲಬೇಕು. ಟೇಪು ಹಿಡಿದು ಅಳೆಯುವವರಿಗೆ ಅಮೆರಿಕದ ರೇಸರ್ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಚಾಲ್ತಿಗೆ ಬಂದ ಲೆಕ್ಕವೊಂದಿದೆ: ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು, ಅದನ್ನು 0.883ರಿಂದ ಗುಣಿಸಬೇಕು. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ, ಪೆಡಲುಗಳನ್ನು ತಿರುಗಿಸುವ ನಡು ಅಚ್ಚಿನಿಂದ ಸೀಟಿನ ಮೇಲ್ಮೈಗೆ 70.6 ಸೆಂ.ಮೀ.

ನಿಂತಾಗ ಎರಡೂ ಕಾಲು ನೆಲಕ್ಕೆ ಮುಟ್ಟಲಿ ಎಂದು ಸೀಟನ್ನು ತಗ್ಗಿಸಿಕೊಳ್ಳುವವರೇ ಹೆಚ್ಚು. ಹಳಿಯಾಳದ ಬಯಲಲ್ಲಾಗಲಿ, ಮುಂಡಗೋಡಿನ ಟಿಬೆಟಿಯನ್ ಕ್ಯಾಂಪುಗಳ ನಡುವಿನ ರಸ್ತೆಗಳಲ್ಲಾಗಲಿ ಅದರ ತೊಂದರೆ ಬೇಗ ಗೊತ್ತಾಗುವುದಿಲ್ಲ. ದಾಂಡೇಲಿ ದಾಟಿ ಗಣೇಶಗುಡಿ ಕಡೆಯ ಏರುತಗ್ಗು ಸಿಕ್ಕಾಗ ಮೊಣಕಾಲು ದೂರು ಹೇಳತೊಡಗುತ್ತದೆ. ನೋವು ಮೊಣಕಾಲಿನ ಮುಂದಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂದಿದ್ದರೆ ಎತ್ತರವಾಗಿದೆ. ಒಮ್ಮೆಗೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಬದಲಿಸದೆ, ಎರಡು ಮೂರು ದಿನ ಓಡಿಸಿ ನೋಡುವುದು ಲೇಸು.

ಜೆಲ್ ತುಂಬಿದ ದಪ್ಪ ಸೀಟು ಅಂಗಡಿಯಲ್ಲಿ ಬೆರಳಿಂದ ಒತ್ತಿದಾಗ ಮಾತ್ರ ಚೆನ್ನ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕೂರುವ ಮೂಳೆಗಳು ಅದರೊಳಗೆ ಇಳಿದು, ನಡುವಿನ ಮೆತ್ತನೆಯ ಭಾಗಕ್ಕೆ ಒತ್ತಡ ಬಿದ್ದು ಜೋಮು ಹಿಡಿಯುತ್ತದೆ. ಮೂಳೆಗಳ ಅಗಲಕ್ಕೆ ತಕ್ಕ, ಕೊಂಚ ಗಟ್ಟಿಯಾದ ಸೀಟೇ ದೂರದ ದಾರಿಗೆ ಒಳ್ಳೆಯದು. ಕಿರುಬೆರಳು, ಉಂಗುರಬೆರಳು ಮರಗಟ್ಟಿದರೆ ಹ್ಯಾಂಡಲ್ ತಗ್ಗಾಗಿದೆ ಅಥವಾ ದೂರವಾಗಿದೆ. ಇಲ್ಲವೇ ಟೈರಿನಲ್ಲಿ ಗಾಳಿ ವಿಪರೀತವಾಗಿದೆ.

ಗಾಳಿಯ ವಿಷಯದಲ್ಲಿ ಪಂಚರ್ ಅಂಗಡಿಯ ಕಂಪ್ರೆಸರನ್ನು ಪೂರ್ತಿ ನಂಬುವಂತಿಲ್ಲ. ಲಾರಿ ಚಕ್ರಕ್ಕೆ ಹೊಡೆಯುವ ಯಂತ್ರ ಅದು. ಸೈಕಲ್ ಟ್ಯೂಬು ಕೆಲವೇ ಕ್ಷಣಗಳಲ್ಲಿ ಕಲ್ಲಾಗುತ್ತದೆ, ಕೈ ತಪ್ಪಿದರೆ ಟೈರು ರಿಮ್ಮಿನಿಂದ ಹೊರಬಂದು ಢಬ್ಬೆನ್ನುತ್ತದೆ. ಎರಡು ಇಂಚು ಅಗಲದ ಟೈರಿಗೆ, 70 ಕೆ.ಜಿ. ತೂಕದ ಸವಾರನಿಗೆ, 35ರಿಂದ 40 ಪಿಎಸ್‌ಐ ಸಾಕು. ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿಯೇ ಹೊರತು ತುಂಬಲೇಬೇಕಾದ ಲೆಕ್ಕವಲ್ಲ. ಜೋಯಿಡಾದ ಜಂಬಿಟ್ಟಿಗೆ ಮಣ್ಣಿನ ಒಳದಾರಿಗಳಲ್ಲಿ ಇನ್ನೂ ನಾಲ್ಕೈದು ಇಳಿಸಿದರೆ ಕೈಗೂ ಬೆನ್ನಿಗೂ ಆರಾಮ.

ಬಿಡಿಭಾಗಗಳ ಮಾತಿಗೆ ಬಂದರೆ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡು ಎಂಬ ಈ ನಾಲ್ಕು ತಾಲ್ಲೂಕುಗಳಿಗೆ ಒಳ್ಳೆಯ ಸೈಕಲ್ ಎಂದರೆ ಹಳಿಯಾಳ ಪೇಟೆಯಲ್ಲಿ ಟ್ಯೂಬು ಸಿಗುವ ಸೈಕಲ್. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿದ ಮೇಲೆ ಆ ಸಾದಾ ಸೈಕಲ್ಲುಗಳ ಮಾಲು ಸಣ್ಣ ಊರಿನ ಅಂಗಡಿಗಳಿಗೂ ಪರಿಚಿತವಾಯಿತು. ತೊಡಕಿರುವುದು ಗೇರ್ ಸೈಕಲ್ಲುಗಳದ್ದು. ‘26 ಇಂಚು’ ಎಂದು ಕೇಳಿದರೆ ಸಾಲದು: ಮೌಂಟನ್ ಬೈಕಿನ 26ರ ರಿಮ್ಮಿನ ಅಳತೆ 559 ಮಿ.ಮೀ., 26 × 1⅜ ಎಂಬ ಸಾದಾ ಸೈಕಲ್ಲಿನದ್ದು 590. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಹಿರಿಯರ 28 × 1½ ಡಬಲ್ ಬಾರ್ ಸೈಕಲ್ಲಿಗೆ 635. 700ಸಿ ಮತ್ತು 29 ಇಂಚು ಎರಡಕ್ಕೂ 622. ಹೆಸರು ಬೇರೆ, ರಿಮ್ಮು ಒಂದೇ, ಅಂಗಡಿಯವನಿಗೂ ಗೊಂದಲ. ಟೈರಿನ ಬದಿಯಲ್ಲಿ 37-622 ಎಂಬ ರೀತಿಯಲ್ಲಿ ಬರೆದಿರುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ವಾದಕ್ಕೆ ಎಡೆಯಿಲ್ಲ.

ವಾಲ್ವಿನದೂ ಇದೇ ಕಥೆ. ಸಾದಾ ಸೈಕಲ್ಲಿನಲ್ಲಿ ವಾಲ್ ಟ್ಯೂಬ್ ಎಂಬ ಸಣ್ಣ ರಬ್ಬರು ಗಾಳಿ ತಡೆಯುತ್ತದೆ. ಪಂಚರ್ ಇಲ್ಲದೆಯೂ ಗಾಳಿ ಇಳಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ. ಮೋಟಾರ್ ಬೈಕಿನಂಥ ದಪ್ಪ ವಾಲ್ವಿಗೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಪ್ರೆಸ್ಟಾ ಎಂಬ ತೆಳ್ಳನೆಯದಕ್ಕೆ ಬೈಕ್ ಪಂಚರ್ ಅಂಗಡಿಯ ಪೈಪು ಹತ್ತುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರನ್ನು ವಾಲ್ವಿಗೇ ತಿರುಗಿಸಿಟ್ಟರೆ ಮುಗಿಯಿತು.

ಬ್ರೇಕ್ ವಿಷಯದಲ್ಲಿ ಮಾತ್ರ ಅಗ್ಗ-ದುಬಾರಿಯ ಲೆಕ್ಕ ತಿರುಗುಮುರುಗು. ಅಣಶಿಯಿಂದ ಕದ್ರಾಕ್ಕೆ ಇಳಿಯುವ ಘಟ್ಟದಲ್ಲಿ ಹೈಡ್ರಾಲಿಕ್ ಡಿಸ್ಕ್‌ನಷ್ಟು ನೆಚ್ಚಿಕೆಯದು ಬೇರೆ ಇಲ್ಲ ಎಂಬುದು ನಿಜವೇ. ಆದರೆ ಅದರ ಎಣ್ಣೆ ಸೋರಿದರೆ ಬೈಕ್ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದ ತನ್ನಲ್ಲಿರುವ ಡಾಟ್ ಎಣ್ಣೆ ಹಾಕಿಕೊಡುತ್ತಾನೆ. ಶಿಮಾನೊ ಬ್ರೇಕಿಗೆ ಬೇಕಾದ್ದು ಮಿನರಲ್ ಎಣ್ಣೆ. ಡಾಟ್ ಬಿದ್ದರೆ ಒಳಗಿನ ರಬ್ಬರು ಸೀಲುಗಳು ಉಬ್ಬಿ ಬ್ರೇಕೇ ಹಾಳು. ಕೇಬಲ್ ಎಳೆಯುವ ಡಿಸ್ಕ್ ಅಥವಾ ಗಟ್ಟಿಮುಟ್ಟಾದ ರಿಮ್ ಬ್ರೇಕು ಈ ಸೀಮೆಗೆ ಹೆಚ್ಚು ಒಗ್ಗುತ್ತದೆ. ಮಳೆಗಾಲದಲ್ಲಿ ಕೆಂಪು ರಾಡಿ ರಿಮ್ಮಿಗೂ ಬ್ರೇಕ್ ರಬ್ಬರಿಗೂ ನಡುವೆ ಮರಳು ಕಾಗದದಂತೆ ತೇಯುವುದರಿಂದ ಒಂದು ಜೊತೆ ರಬ್ಬರು ಸದಾ ಚೀಲದಲ್ಲಿರಬೇಕು.

ಚೈನಿಗೆ ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಸುರಿಯುವುದು ಇಲ್ಲಿನ ರೂಢಿ. ಅದು ಧೂಳನ್ನು ಕರೆದು ಕೂರಿಸುತ್ತದೆ. ಕೊಂಡಿಗೆ ಒಂದು ಹನಿಯಂತೆ ತೆಳು ಎಣ್ಣೆ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಅದು 1/16 ಇಂಚು ಹೆಚ್ಚಾದರೆ ಚೈನು ಬದಲಿಸಬೇಕು. ⅛ ಆಗುವವರೆಗೆ ಎಳೆದರೆ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ.

ಸಣ್ಣ ಊರಿನ ಸೈಕಲ್ ಅಂಗಡಿಯವರು ಕಡ್ಡಿ ಬಿಗಿದು ರಿಮ್ಮಿನ ಬೆಂಡು ತೆಗೆಯುವುದರಲ್ಲಿ ದೊಡ್ಡ ಶೋರೂಮಿನವರನ್ನು ಮೀರಿಸಬಲ್ಲರು. ಅವರಿಗೆ ಗೇರ್ ಟ್ಯೂನಿಂಗ್ ರೂಢಿಯಿರುವುದು ಕಡಿಮೆ, ಅದನ್ನು ಸವಾರನೇ ಕಲಿತಿರಬೇಕು. ಚೈನು ದೊಡ್ಡ ಹಲ್ಲಿಗೆ ಏರಲು ತಡವರಿಸಿದರೆ, ಹಿಂದಿನ ಗೇರಿನ ಕೇಬಲ್ ಒಳಹೋಗುವ ಜಾಗದ ಸಣ್ಣ ತಿರುಪನ್ನು ಅಪ್ರದಕ್ಷಿಣವಾಗಿ ಅರ್ಧ ಸುತ್ತು ತಿರುಗಿಸಿ ನೋಡಬೇಕು. ಎಡ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಲಿ; ಬಲದ ಪೆಡಲಿನಂತೆ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯಾಗುತ್ತದೆ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್, ಹಿಂಚಕ್ರದ ಹಲ್ಲುಗಾಲಿಗಳ ಕ್ಯಾಸೆಟ್‌ನಂಥ ಸಾಮಾನಿಗೆ ಧಾರವಾಡ, ಹುಬ್ಬಳ್ಳಿ ಅಥವಾ ಬೆಳಗಾವಿಯೇ ಗತಿ.

ದಾಂಡೇಲಿಯಿಂದ ಪಶ್ಚಿಮಕ್ಕೆ ಹೊರಟವರು ಟ್ಯೂಬು, ಪ್ಯಾಚು, ಪಂಪು, 4, 5, 6 ಮಿ.ಮೀ. ಅಲೆನ್ ಕೀಲಿ, ಒಂದು ಬ್ರೇಕ್ ಕೇಬಲ್ ಜೊತೆಗಿಟ್ಟುಕೊಂಡೇ ಹೊರಡಬೇಕು. ಅಲ್ಲಿಂದ ಮುಂದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮೊಬೈಲ್ ಸಿಗ್ನಲ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸಂಜೆಯಾಗುತ್ತಿರುವಾಗ ಕಾಡಿನ ನಡುವೆ ಪಂಚರ್ ಆದರೆ ರಸ್ತೆ ಬದಿಯಲ್ಲಿ ಕೂತು ಪ್ಯಾಚು ಹಾಕುವುದಕ್ಕಿಂತ ಅರಣ್ಯ ಚೆಕ್‌ಪೋಸ್ಟಿಗೋ ಊರಿಗೋ ತಳ್ಳಿಕೊಂಡು ಹೋಗುವುದು, ಬಸ್ಸು ಬಂದರೆ ಕೈ ಅಡ್ಡ ಹಾಕುವುದು ಮೇಲು. ಕಂಡಕ್ಟರ್ ಒಪ್ಪಿ ಸೈಕಲ್ಲನ್ನು ಒಳಗೆ ಹಾಕಿಕೊಂಡರೆ ಗೇರಿರುವ ಬಲಬದಿ ಮೇಲಾಗುವಂತೆ ಮಲಗಿಸಬೇಕು. ಹ್ಯಾಂಗರ್ ಬಗ್ಗಿದರೆ ಮಾರನೆಯ ದಿನದ ದಾರಿ ಹುಬ್ಬಳ್ಳಿಯದೇ.