ಅರ್ಥ ಬಲ್ಲವರಿಗೆ ಅನರ್ಥ

ಹಳೆಯ ಪತ್ರಿಕೆಗಳನ್ನು ಕಂಡೊಡನೆ ‘ಆ ಕಾಲವೇ ಕಾಲ’ ಎಂದು ನಿಟ್ಟುಸಿರಿಡುವುದು ನಮ್ಮಲ್ಲೊಂದು ವಾಡಿಕೆ. ಅದರಿಂದ ಪತ್ರಿಕೆಗೆ ಗೌರವ ಸಂದೀತು. ಅದರ ಬೆಲೆ ಕಟ್ಟಿದಂತಾಗದು. ಈಚೆಗೆ ಜ್ಞಾನಭಾರತಿಯ ಬಳಿ ಒಂದು ಗುಜರಿ ಅಂಗಡಿಯಲ್ಲಿ ನನ್ನಾಕೆ ಹಿತ್ತಾಳೆಯ ದೀಪ ಹುಡುಕುತ್ತಿದ್ದಾಗ ನನಗೂ ಮಕ್ಕಳಿಗೂ ‘ಕೊರವಂಜಿ’ಯ ಕೆಲವು ಹಳೆಯ ಸಂಚಿಕೆಗಳು ದೊರೆತವು. ಮನೆಯಲ್ಲಿ ಎಲ್ಲರೂ ಕೂಡಿ ಓದಿದಾಗ ಈ ಬೆಲೆಯ ಪ್ರಶ್ನೆ ಎದ್ದಿತು.

ವೃತ್ತಿಯಿಂದ ವೈದ್ಯರಾಗಿದ್ದ ‘ರಾಶಿ’, ಎಂದರೆ ಡಾ. ಎಂ. ಶಿವರಾಂ, 1942ರಲ್ಲಿ ಆರಂಭಿಸಿದ ಈ ಹಾಸ್ಯ ಮಾಸಪತ್ರಿಕೆ 1967ರವರೆಗೆ ನಡೆಯಿತು. ಆರ್. ಕೆ. ಲಕ್ಷ್ಮಣರ ಚಿತ್ರಗಳಿಗೆ ಆರು ವರ್ಷದ ಮಗ ತಾನಾಗಿಯೇ ನಕ್ಕ. ಟಿ. ಸುನಂದಮ್ಮನವರ ಸಂಸಾರದ ಹಾಸ್ಯವನ್ನು ಗಟ್ಟಿಯಾಗಿ ಓದಿದರೆ ಸಾಕಾಯಿತು. ನಾ. ಕಸ್ತೂರಿಯವರ ‘ಅನರ್ಥಕೋಶ’ದ ಜಾತಿಯ ಪದಚಮತ್ಕಾರಕ್ಕೆ ಬಂದಾಗ ಮಾತ್ರ ನಗೆ ನಿಂತಿತು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗಳಿಗೆ ಮೂಲಪದವೇ ಹೊಸದು. ಅರ್ಥ ಅರಿಯದವಳಿಗೆ ಅನರ್ಥ ರುಚಿಸುವುದೆಂತು?

ಇದು ಕಸ್ತೂರಿಯವರ ದೋಷವಲ್ಲ. ಚಿತ್ರದ ನಗೆಗೆ ಕಣ್ಣು ಸಾಕು. ಸಂಸಾರದ ನಗೆಗೆ ಮನೆಯ ಅನುಭವ ಸಾಕು. ಮಾತಿನ ನಗೆಗೆ ಭಾಷೆಯ ಸಲಿಗೆಯೇ ಬೇಕು. ಓದುಗನಿಗೆ ಆ ಸಲಿಗೆ ಇದೆಯೆಂಬ ನಂಬಿಕೆಯೇ ಕೊರವಂಜಿಯ ಹೆಚ್ಚುಗಾರಿಕೆ. 1983ರಲ್ಲಿ ಹುಟ್ಟಿದ ‘ಅಪರಂಜಿ’ ಆ ಪರಂಪರೆಯನ್ನು ಮುಂದುವರಿಸಿತು, ನಿಜ. ಆದರೆ ಪತ್ರಿಕೆಯನ್ನು ಮತ್ತೆ ಹೊರಡಿಸಿದಂತೆ ಓದುಗರನ್ನು ಹೊರಡಿಸಲು ಬಾರದು. ಹಳೆಯ ಸಂಚಿಕೆಗಳನ್ನು ಗಾಜಿನ ಬೀರುವಿನಲ್ಲಿಟ್ಟು ಫಲವಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಪದದ ಅರ್ಥ ಹೇಳಿ, ಆಮೇಲೆ ಅನರ್ಥಕ್ಕೆ ನಗಬೇಕು.